ಗೋ-ಕಾರ್ಟ್‌ಗೆ ಎಂಥ ಕ್ಲಚ್, ಎಷ್ಟು ಹಲ್ಲಿನ ಸ್ಪ್ರಾಕೆಟ್?

ಮನೆಯಲ್ಲೇ ಗೋ-ಕಾರ್ಟ್ ಕಟ್ಟಲು ಹೊರಟವರ ಗಮನವೆಲ್ಲ ಸಾಮಾನ್ಯವಾಗಿ ಎಂಜಿನ್ನಿನ ಮೇಲೆಯೇ ಇರುತ್ತದೆಯಾದರೂ, ಕಟ್ಟಿದ ವಾಹನ ಸರಾಗವಾಗಿ ಓಡುತ್ತದೆಯೋ ಅಥವಾ ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ ಹೊಮ್ಮಿಸಿ ನಿಲ್ಲುತ್ತದೆಯೋ ಎಂಬುದನ್ನು ನಿರ್ಧರಿಸುವುದು ಎಂಜಿನ್ನಿಗೂ ಹಿಂದಿನ ಆಕ್ಸಲ್‌ಗೂ ನಡುವೆ ಇರುವ ಕ್ಲಚ್, ಚೈನ್ ಮತ್ತು ಸ್ಪ್ರಾಕೆಟ್‌ಗಳ ಜೋಡಣೆ. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗಲ್ಸ್ ಮೊದಲ ಕಾರ್ಟ್ ಕಟ್ಟಿದ್ದು ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಬಳಸಿ. ಬೇರೊಂದು ಕೆಲಸಕ್ಕೆಂದು ತಯಾರಾದ ಎಂಜಿನ್ನನ್ನು ಪುಟ್ಟ ಚಕ್ರಗಳಿಗೆ ಹೊಂದಿಸುವ ಪ್ರಶ್ನೆ ಅಂದೇ ಹುಟ್ಟಿತು.

ಕೈಯಿಂದ ವಾಹನ ಕಟ್ಟುವ ಹವ್ಯಾಸಕ್ಕೆ ಹೈದರಾಬಾದ್ ಹೊಸದಲ್ಲ. ಕೆ. ಸುಧಾಕರ್ ತಾವೇ ರೂಪಿಸಿದ ವಿಚಿತ್ರ ಆಕಾರದ ಕಾರುಗಳನ್ನು ಪ್ರದರ್ಶಿಸುವ ಸುಧಾ ಕಾರ್ಸ್ ಮ್ಯೂಸಿಯಂ ಬಹದ್ದೂರ್‌ಪುರದಲ್ಲಿ 2010ರಿಂದ ಇದೆ. ಬೇರಿಂಗ್ ಮತ್ತು ಯಂತ್ರೋಪಕರಣಗಳಿಗೆ ಸಿಕಂದರಾಬಾದಿನ ರಾಣಿಗಂಜ್, ವಾಹನಗಳ ಬಿಡಿಭಾಗಗಳಿಗೆ ಪುತ್ಲಿಬೌಲಿ, ಲೇತ್ ಕೆಲಸಕ್ಕೆ ಬಾಲಾನಗರ ಹೆಸರಾಗಿವೆ. ಇಂಥ ಊರಿನಲ್ಲಿ ನೀರಿನ ಪಂಪಿನ ಎಂಜಿನ್, ಹಳೆಯ ಸ್ಕೂಟರಿನದು, ಹಳೆಯ ಬೈಕಿನದು ಎಂದು ಮೂರು ದಾರಿಗಳು ತೆರೆದುಕೊಳ್ಳುತ್ತವೆ, ಮತ್ತು ಪ್ರತಿಯೊಂದೂ ತನಗೆ ತಕ್ಕ ಕ್ಲಚ್ಚನ್ನು ಬೇಡುತ್ತದೆ.

ಪಂಪಿನ ಎಂಜಿನ್ನಿಗೆ ಗೇರ್ ಇರುವುದಿಲ್ಲವಾದ್ದರಿಂದ ಅದಕ್ಕೆ ಅತಿ ಸರಳವಾದದ್ದು ಸೆಂಟ್ರಿಫ್ಯೂಗಲ್ ಕ್ಲಚ್, ಅಂದರೆ ಎಂಜಿನ್ನಿನ ವೇಗ ಏರಿದಂತೆ ಒಳಗಿನ ಶೂಗಳು ಸ್ಪ್ರಿಂಗಿನ ಬಿಗಿತವನ್ನು ಮೀರಿ ಹೊರಚಾಚಿ ಸುತ್ತಲಿನ ಡ್ರಮ್ಮನ್ನು ಒತ್ತಿ ಹಿಡಿದು ತಿರುಗಿಸುವ ಸಾಧನ. ಮೊಪೆಡ್‌ಗಳು ಕೈಯಲ್ಲಿ ಕ್ಲಚ್ ಹಿಡಿಯದೆಯೇ ಹೊರಡುವುದು ಇದರಿಂದಲೇ. ಸುಮಾರು 2,000 ಆರ್‌ಪಿಎಂನಲ್ಲಿ, ಎಂದರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ, ಶೂಗಳು ಡ್ರಮ್ಮನ್ನು ಹಿಡಿಯಲಾರಂಭಿಸುತ್ತವೆ. ಚಕ್ರದ ಕಡೆಯ ವೇಗ ಅದಕ್ಕೆ ಸಮನಾಗುವವರೆಗೂ ಅವು ಜಾರುತ್ತಲೇ ಇರುತ್ತವೆ, ಜಾರಿದಷ್ಟೂ ಕಾಯುತ್ತವೆ.

ಕ್ಲಚ್ಚನ್ನೂ ಸ್ಪ್ರಾಕೆಟ್ಟನ್ನೂ ಬೇರೆ ಬೇರೆಯಾಗಿ ಆರಿಸಲಾಗದು ಎಂಬುದು ಇಲ್ಲಿ ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ. ಎಂಜಿನ್ ಕಡೆ 10 ಹಲ್ಲು, ಆಕ್ಸಲ್ ಕಡೆ 60 ಹಲ್ಲಿದ್ದರೆ ಅನುಪಾತ 6. 28 ಸೆಂಟಿಮೀಟರ್ ವ್ಯಾಸದ ಚಕ್ರ ಒಂದು ಸುತ್ತಿಗೆ ಸುಮಾರು 88 ಸೆಂಟಿಮೀಟರ್ ಸಾಗುವುದರಿಂದ, 3,600 ಆರ್‌ಪಿಎಂನಲ್ಲಿ ಕಾರ್ಟಿನ ವೇಗ ಗಂಟೆಗೆ ಸುಮಾರು 32 ಕಿಲೋಮೀಟರ್ ಆಗುತ್ತದೆ. ಆದರೆ 2,000 ಆರ್‌ಪಿಎಂಗೆ ಹೊಂದುವ ವೇಗ ಸುಮಾರು 17.5 ಕಿಲೋಮೀಟರ್ ಆದ್ದರಿಂದ, ಅದಕ್ಕಿಂತ ನಿಧಾನವಾಗಿ ಓಡುವಾಗಲೆಲ್ಲ ಕ್ಲಚ್ ಜಾರುತ್ತಿರುತ್ತದೆ. ಹಿಂದೆ 80 ಹಲ್ಲಿನ ಸ್ಪ್ರಾಕೆಟ್ ಹಾಕಿದರೆ ಗರಿಷ್ಠ ವೇಗ 24ಕ್ಕೆ ಇಳಿದರೂ, ಜಾರುವಿಕೆ ಸುಮಾರು 13 ಕಿಲೋಮೀಟರಿಗೇ ನಿಲ್ಲುತ್ತದೆ. ಹೆಚ್ಚು ವೇಗದ ಆಸೆಗೆ ಹಿಂದಿನ ಸ್ಪ್ರಾಕೆಟ್ಟನ್ನು ಚಿಕ್ಕದು ಮಾಡಿದವರ ಕ್ಲಚ್ ಪದೇ ಪದೇ ಸುಡುವುದಕ್ಕೆ ಕಾರಣ ಇದೇ.

ಎರಡನೆಯ ದಾರಿಯಾದ ಸ್ಕೂಟರ್ ಎಂಜಿನ್, ಉದಾಹರಣೆಗೆ ಆ್ಯಕ್ಟಿವಾದ್ದು, ಸೆಂಟ್ರಿಫ್ಯೂಗಲ್ ಕ್ಲಚ್ಚಿನೊಂದಿಗೆ ವೇರಿಯೇಟರನ್ನೂ ಹೊಂದಿರುತ್ತದೆ. ರೋಲರುಗಳ ಒತ್ತಡಕ್ಕೆ ಮುಂದಿನ ಪುಲ್ಲಿಯ ಅಗಲ ಬದಲಾಗಿ, ಬೆಲ್ಟ್ ಮೇಲೆ ಕೆಳಗೆ ಸರಿಯುತ್ತಾ ಅನುಪಾತವನ್ನು ತಾನಾಗಿಯೇ ಬದಲಿಸುವುದರಿಂದ ಹೊರಡುವಾಗ ಎಳೆತವೂ ಓಟದಲ್ಲಿ ವೇಗವೂ ದೊರೆಯುತ್ತವೆ. ಎಂಜಿನ್ನಿನ ಜೊತೆಗೇ ಚಕ್ರದ ಬಳಿಯ ಗೇರುಗಳೂ ಬರುವುದರಿಂದ ಮುಂದಿನ ಚೈನಿಗೆ ದೊಡ್ಡ ಇಳಿತ ಬೇಕಾಗದೆ, ಹೆಚ್ಚುಕಡಿಮೆ ಸಮ ಹಲ್ಲಿನ ಸ್ಪ್ರಾಕೆಟ್‌ಗಳೇ ಸಾಕಾಗುತ್ತವೆ. ಮೇಲಾಗಿ ಈ ಎಂಜಿನ್ನಿಗೆ ತನ್ನದೇ ಫ್ಯಾನ್ ಇದೆ; ಎದುರುಗಾಳಿಯನ್ನೇ ನಂಬಿದ ಬೈಕ್ ಎಂಜಿನ್ ಸೀಟಿನ ಹಿಂದೆ, ಕಡಿಮೆ ವೇಗದಲ್ಲಿ, ಉಷ್ಣಾಂಶ 40 ಡಿಗ್ರಿ ಮುಟ್ಟುವ ಹೈದರಾಬಾದಿನ ಮೇ ತಿಂಗಳಲ್ಲಿ ಬೇಗ ಕಾಯುತ್ತದೆ.

ಹೀಗಿದ್ದರೂ ಬೈಕ್ ಎಂಜಿನ್ನಿಗೆ ಅದರದೇ ಬಲವಿದೆ. ಎಣ್ಣೆಯಲ್ಲಿ ಮುಳುಗಿರುವ ಹಲವು ಪ್ಲೇಟುಗಳ ಕ್ಲಚ್ ಜಾರುವಿಕೆಯ ಶಾಖವನ್ನು ಒಣ ಶೂಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ, ಗೇರುಗಳಿರುವುದರಿಂದ ಏರಿನಲ್ಲೂ ಎಳೆತ ಕುಂದುವುದಿಲ್ಲ. ಆದರೆ ಕ್ಲಚ್ ಕೇಬಲ್ಲನ್ನು ಪೆಡಲಿಗೂ ಗೇರ್ ಲಿವರನ್ನು ಕೈಯ ಹತ್ತಿರಕ್ಕೂ ತರುವ ಕೆಲಸ ಕಟ್ಟುವವರ ಪಾಲಿಗೆ ಬರುತ್ತದೆ, ಕಲಿಯುವ ಮಕ್ಕಳಿಗೆ ಅಂಥ ಕಾರ್ಟ್ ಸುಲಭವೂ ಅಲ್ಲ.

ಯಾವ ದಾರಿ ಹಿಡಿದರೂ ಶಕ್ತಿ ಕೊನೆಗೆ ಸೇರುವುದು ಆಕ್ಸಲ್ಲನ್ನೇ. ಕಾರಿನಲ್ಲಿ ತಿರುವಿನ ಒಳ ಮತ್ತು ಹೊರ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಡಿಫರೆನ್ಷಿಯಲ್ ಇರುತ್ತದೆ, ಕಾರ್ಟಿನಲ್ಲಿ ಇರುವುದಿಲ್ಲ. ಈ ಕೊರತೆ ನೀಗಿಸಲು ಸ್ಪರ್ಧೆಯ ಕಾರ್ಟುಗಳಲ್ಲಿ ಸ್ಟೀರಿಂಗಿನ ಕೋನಗಳು ಮತ್ತು ಚಾಸಿಯ ಬಾಗುವಿಕೆ ಸೇರಿ ಒಳಗಿನ ಹಿಂಚಕ್ರವನ್ನು ಕ್ಷಣಕಾಲ ನೆಲದಿಂದ ಎತ್ತುತ್ತವೆ. ಅಷ್ಟು ನಾಜೂಕು ಸಾಧ್ಯವಾಗದ ಮನೆಯ ಕಾರ್ಟಿಗೆ ಒಂದು ಹಿಂಚಕ್ರಕ್ಕೆ ಮಾತ್ರ ಶಕ್ತಿ ಕೊಟ್ಟು, ಇನ್ನೊಂದನ್ನು ಬೇರಿಂಗಿನ ಮೇಲೆ ಬಿಡುವಾಗಿ ತಿರುಗಲು ಬಿಡುವುದು ಸುಲಭದ ಉಪಾಯ. ಚೈನ್ ಬೈಕುಗಳಲ್ಲಿ ಸಾಮಾನ್ಯವಾದ, 12.7 ಮಿಲಿಮೀಟರ್ ಪಿಚ್ಚಿನ, ಅಂದರೆ ಪಿನ್ನಿನಿಂದ ಪಿನ್ನಿಗೆ ಅಷ್ಟು ಅಂತರವಿರುವ, 428 ಸಂಖ್ಯೆಯದ್ದಾದರೆ ಎರಡೂ ಸ್ಪ್ರಾಕೆಟ್‌ಗಳು ಅದೇ ಅಳತೆಯವಾಗಿರಬೇಕು, ಒಂದೇ ನೇರದಲ್ಲಿ ಕೂರಬೇಕು, ಮೇಲೆ ಗಟ್ಟಿ ಕವಚವಿರಬೇಕು.

1988ರ ಮೋಟಾರು ವಾಹನ ಕಾಯ್ದೆಯಂತೆ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲವಾದ್ದರಿಂದ, ಮನೆಯಲ್ಲಿ ಕಟ್ಟಿದ ಕಾರ್ಟ್ ಓಡಬೇಕಾದದ್ದು ಖಾಸಗಿ ಅಂಗಳ ಅಥವಾ ಮೈದಾನದಲ್ಲಿ. ಅಲ್ಲಿ ನೇರ ಓಟ ಕಡಿಮೆ, ತಿರುವು ಹೆಚ್ಚು. 32 ಕಿಲೋಮೀಟರ್ ವೇಗಕ್ಕೆ ಜಾಗವೇ ಇರುವುದಿಲ್ಲ. ಆದ್ದರಿಂದ ಮೊದಲು ಓಡಿಸುವ ಜಾಗವನ್ನು ಅಳೆದು, ಬೇಕಾದ ವೇಗವನ್ನು ಗೊತ್ತುಮಾಡಿ, ಆ ವೇಗದಿಂದ ಹಲ್ಲುಗಳನ್ನೂ ಹಲ್ಲುಗಳಿಂದ ಕ್ಲಚ್ಚನ್ನೂ ನಿರ್ಧರಿಸಿಕೊಂಡವರಿಗೆ, ಕಾನೂನು ಹಾಕಿದ ಮಿತಿಯೇ ಕ್ಲಚ್ಚಿನ ಆಯುಷ್ಯವನ್ನೂ ಕಾಯುತ್ತದೆ.