ಕನ್ನಡಿಯೂ ಕಂಠವೂ

ಪಾಶ್ಚಾತ್ಯ ಗಾಯನಶಿಕ್ಷಣದ ಚರಿತ್ರೆಯನ್ನು ಅಷ್ಟಿಷ್ಟು ಬಲ್ಲವರು ಗಾಯನಗುರು ಮಾನ್ವೆಲ್ ಗಾರ್ಸಿಯನ ಹೆಸರು ಕೇಳಿದೊಡನೆ ಒಂದು ಪುಟ್ಟ ಕನ್ನಡಿಯನ್ನು ನೆನೆಯುತ್ತಾರೆ. 1854ರಲ್ಲಿ ದಂತವೈದ್ಯರ ಕನ್ನಡಿಯೊಂದನ್ನು ಗಂಟಲಿನೊಳಗಿಟ್ಟು, ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಹಾಯಿಸಿ, ಹಾಡುತ್ತಿರುವ ತನ್ನದೇ ಸ್ವರತಂತುಗಳ ಚಲನೆಯನ್ನು ಆತನು ಕಣ್ಣಾರೆ ಕಂಡನು. ಮರುವರ್ಷ ಅದರ ವಿವರವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟನು. ಆತನ ಬೋಧನಕ್ರಮವೆಲ್ಲ ಈ ಕನ್ನಡಿಯಿಂದಲೇ ಹುಟ್ಟಿತೆಂಬ ನಂಬಿಕೆ ಇದರಿಂದ ಬೆಳೆದುಬಂದಿತು. ಕಾಲಗಣನೆಯೇ ಇದನ್ನು ಅಲ್ಲಗಳೆಯುತ್ತದೆ: ಮಾನವಧ್ವನಿಯನ್ನು ಕುರಿತ ಆತನ ಪ್ರಬಂಧವು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಬಂದುದು 1840ರಲ್ಲಿ, ಗಾಯನಕಲೆಯನ್ನು ಕುರಿತ ಬೃಹದ್ಗ್ರಂಥವು ಪೂರ್ಣಗೊಂಡುದು 1847ರಲ್ಲಿ. ಕನ್ನಡಿಯು ಬಂದುದು ಆ ಬಳಿಕ, ಹಳೆಯ ಊಹೆಗಳಿಗೆ ಸಾಕ್ಷಿಯಾಗಿ. ಗಂಟಲನ್ನು ನೋಡುವ ಉಪಕರಣವನ್ನು ಮೊತ್ತಮೊದಲು ರಚಿಸಿದವನೂ ಆತನಲ್ಲ. 1829ರಲ್ಲಿಯೇ ಲಂಡನ್ನಿನ ವೈದ್ಯ ಬೆಂಜಮಿನ್ ಬ್ಯಾಬಿಂಗ್ಟನ್ ಅಂಥದೊಂದನ್ನು ತೋರಿಸಿದ್ದನು. ಪಾಠದ ಕೊಠಡಿಯಲ್ಲಂತೂ ಗಾರ್ಸಿಯನಿಗೆ ಕಣ್ಣಿಗಿಂತ ಕಿವಿಯೇ ಪ್ರಮಾಣವಾಗಿತ್ತು.

ಗಾಯಕನಾಗಿ ಆತನ ಬಾಳು ಹ್ರಸ್ವವಾದುದು. ತಂದೆಯ ಆಪೆರಾ ಮಂಡಲಿಯೊಡನೆ 1825ರಲ್ಲಿ ನ್ಯೂಯಾರ್ಕಿಗೆ ಹೋಗಿ, ಇಪ್ಪತ್ತರ ಹರೆಯದಲ್ಲಿ ರೊಸ್ಸೀನಿಯ ಫಿಗಾರೊ ಪಾತ್ರವನ್ನು ಹಾಡಿದ ಈ ತರುಣನ ಕಂಠವು ಇನ್ನೂ ಬಲಿಯುವ ಮುನ್ನವೇ ದಣಿಯಿತು. ಕೆಲವೇ ವರ್ಷಗಳಲ್ಲಿ ಆತನು ರಂಗವನ್ನು ಬಿಟ್ಟು ಗುರುಪೀಠಕ್ಕೆ ಬಂದನು. ಸೋದರಿಯರಾದ ಮಾರಿಯ ಮಾಲಿಬ್ರಾನ್, ಪೌಲೀನ್ ವಿಯಾರ್ಡೊ ಇಬ್ಬರೂ ಯೂರೋಪಿನ ಕೀರ್ತಿಶಿಖರವನ್ನು ಏರಿದರೆ, ವಿಫಲ ಗಾಯಕನು ಉತ್ತಮ ಗುರುವಾಗಲಾರನೆಂಬ ಮಾತಿಗೆ ಸೋದರನು ತಾನೇ ಉತ್ತರವಾದನು.

ಎದೆಯ ದನಿ, ತಲೆಯ ದನಿ ಎಂಬ ಹೆಸರುಗಳನ್ನು ಕೇಳಿ, ಒಂದು ಎದೆಯಲ್ಲಿಯೂ ಮತ್ತೊಂದು ತಲೆಯಲ್ಲಿಯೂ ಹುಟ್ಟುತ್ತದೆಂದು ನಂಬುವವರು ಇಂದಿಗೂ ಇದ್ದಾರೆ. ಹಾಡುವವನಿಗೆ ಕಂಪನದ ಅನುಭವವಾಗುವ ಸ್ಥಾನಗಳು ಅವು, ನಿಜ. ಆದರೆ ನಾದದ ಉಗಮಸ್ಥಾನವು ಒಂದೇ. ಏಕರೂಪವಾದ ಯಂತ್ರಕ್ರಿಯೆಯಿಂದ ಹೊಮ್ಮುವ ಸಜಾತೀಯ ಸ್ವರಗಳ ಶ್ರೇಣಿಯೇ ಒಂದೊಂದು ಸ್ತರವೆಂದು ಗಾರ್ಸಿಯನು ಗ್ರಂಥದಲ್ಲಿ ನಿರೂಪಿಸಿದ್ದನು. ಸ್ವರಗಳೆಲ್ಲವೂ ಕಂಠದ್ವಾರದಲ್ಲಿಯೇ ಜನಿಸುವುದನ್ನು ಕನ್ನಡಿಯು ತೋರಿಸಿಕೊಟ್ಟಿತು. ಹೊಟ್ಟೆಯಿಂದ ಹಾಡಬೇಕೆಂಬ ಉಪದೇಶವೂ ಇದೇ ಜಾತಿಯದು. ನಾಭಿಯಿಂದ ನಾದವೆತ್ತಬೇಕೆನ್ನುವ ನಮ್ಮ ಸಂಗೀತದ ಮೇಷ್ಟರುಗಳಿಗೂ ಅಲ್ಲಿಯವರಿಗೂ ಈ ಒಂದು ವಿಷಯದಲ್ಲಿ ಅಚ್ಚರಿಯ ಮತೈಕ್ಯವುಂಟು. ವಪೆಯು ಉಸಿರನ್ನು ಒಳಗೆಳೆಯುವ ಸ್ನಾಯು. ಹಾಡುವಾಗ ಉಸಿರು ಒಮ್ಮೆಗೇ ಹೊರನುಗ್ಗದಂತೆ ತಡೆದು ಸಮವಾಗಿ ಬಿಡುವ ಕಾರ್ಯದಲ್ಲಿ ಪಕ್ಕೆಲುಬುಗಳ ನಡುವಣ ಸ್ನಾಯುಗಳೂ ಉದರದ ಗೋಡೆಯೂ ಕೂಡಿ ದುಡಿಯುತ್ತವೆ. ಹಸಿ ಮೊಟ್ಟೆ, ಜೇನು, ಹಾಲುಗಳು ಸ್ವರತಂತುಗಳಿಗೆ ಲೇಪವಾಗುತ್ತವೆಂಬುದಕ್ಕೆ ಹೆಚ್ಚು ಮಾತು ಬೇಡ: ನುಂಗುವಾಗ ಶ್ವಾಸಮಾರ್ಗವು ಮುಚ್ಚಿಕೊಳ್ಳುವುದರಿಂದ ಅವು ಅಲ್ಲಿಗೆ ತಲುಪುವುದೇ ಇಲ್ಲ.

ಆಪೆರಾ ಗಾಯನವೆಂದರೆ ಸುಸಂಸ್ಕೃತವಾದ ಕೂಗಾಟ ಎಂಬ ಪರಿಹಾಸ್ಯವನ್ನು ಮಾತ್ರ ಸ್ವಲ್ಪ ಸಾವಧಾನವಾಗಿ ಪರಿಶೀಲಿಸಬೇಕು. ಹಲವು ಹತ್ತು ವಾದ್ಯಗಳ ಮೇಳವನ್ನು ಮೈಕಿನ ನೆರವಿಲ್ಲದೆ ಒಂದೇ ಕಂಠವು ಮೀರುವುದು ಬಲಪ್ರಯೋಗದಿಂದ ಅಲ್ಲ. ವಾದ್ಯವೃಂದದ ಶಕ್ತಿಯು ಸೆಕೆಂಡಿಗೆ ಸುಮಾರು 500 ಕಂಪನಗಳ ಆಸುಪಾಸಿನಲ್ಲಿ ಅತ್ಯಧಿಕವಾಗಿದ್ದು ಮೇಲಕ್ಕೆ ಹೋದಂತೆ ಕುಗ್ಗುತ್ತದೆ. ಶಿಕ್ಷಿತ ಪುರುಷಕಂಠದಲ್ಲಾದರೋ ಸುಮಾರು 3000 ಕಂಪನಗಳ ಬಳಿ ಅನುನಾದದ ಒಂದು ಶಿಖರವೇಳುತ್ತದೆ. ಮೇಳವು ದುರ್ಬಲವಾಗಿರುವ ಆ ಎಡೆಯಲ್ಲಿ ಕಂಠವು ತೂರಿಬರುತ್ತದೆ. ಧ್ವನಿಪೆಟ್ಟಿಗೆಯನ್ನು ತಗ್ಗಿಸಿ ಗಂಟಲಿನ ಕುಹರವನ್ನು ಹಿಗ್ಗಿಸುವುದರಿಂದ ಇದು ಸಾಧ್ಯವಾಗುತ್ತದೆಂದು ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ವಿವರಿಸಿದನು. ಅತ್ಯುಚ್ಚ ಸ್ತ್ರೀಕಂಠಗಳ ಉಪಾಯ ಬೇರೆ. ಅವರು ದವಡೆಯನ್ನು ಹೆಚ್ಚು ತೆರೆದು ಬಾಯಿಯ ಅನುನಾದವನ್ನು ಸ್ವರದ ಎತ್ತರಕ್ಕೇ ಹೊಂದಿಸುತ್ತಾರೆ. ಗಾಢವರ್ಣದ ಧ್ವನಿಯಲ್ಲಿ ಧ್ವನಿಪೆಟ್ಟಿಗೆಯು ಕೆಳಗಿಳಿಯುವುದನ್ನು ಗಾರ್ಸಿಯನು ಕಂಪನಗಳನ್ನು ಅಳೆಯುವ ಯಂತ್ರಗಳಿಲ್ಲದೆಯೇ ಗುರುತಿಸಿದ್ದನೆಂಬುದು ಗಮನಾರ್ಹವಾದುದು.

ಆತನ ಹೆಸರಿಗೆ ಅಂಟಿದ ಅಪವಾದವೆಂದರೆ, ಪ್ರತಿಯೊಂದು ಸ್ವರವನ್ನೂ ಗಂಟಲಿನ ಹೊಡೆತದಿಂದ ಆರಂಭಿಸಲು ಕಲಿಸಿ ಕಂಠಗಳನ್ನು ಕೆಡಿಸಿದನೆಂಬುದು. ‘ಕೂ ದ ಗ್ಲೋತ್’ ಎಂದು ಆತನು ಕರೆದುದು ತಂತುಗಳು ಸೇರಿದ ಕ್ಷಣದಲ್ಲಿ ಸ್ವರವನ್ನು ನಿರ್ಮಲವಾಗಿ ಎತ್ತಿಕೊಳ್ಳುವ ಸೂಕ್ಷ್ಮಕ್ರಿಯೆಯನ್ನು. ಅದನ್ನು ಎದೆಯ ಹೊಡೆತದೊಡನೆ ಬೆರೆಸಬಾರದೆಂದು ಆತನೇ ಎಚ್ಚರಿಸಿದ್ದನು. ಗ್ರಂಥವನ್ನು ಓದದೆ ಅದರ ಒಂದು ಪದವನ್ನು ಮಾತ್ರ ಒಯ್ದ ಅನುಯಾಯಿಗಳ ತಪ್ಪು ಗುರುವಿನ ತಲೆಗೆ ಬಂದಿತು.

ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡಳ ಕಂಠವನ್ನು ಸೃಷ್ಟಿಸಿದವನೇ ಗಾರ್ಸಿಯನೆಂಬ ಹೊಗಳಿಕೆಯೂ ಅಷ್ಟೇ ಅತಿರೇಕದ್ದು. 1838ರಿಂದಲೇ ಸ್ಟಾಕ್‌ಹೋಮಿನ ರಂಗದ ಮೇಲೆ ಮೆರೆದಿದ್ದ ಆಕೆ, ಅತಿಶ್ರಮದಿಂದ ಧ್ವನಿ ಕೆಟ್ಟು, 1841ರಲ್ಲಿ ಪ್ಯಾರಿಸ್ಸಿಗೆ ಬಂದಾಗ, ಕಲಿಸಲು ಅಲ್ಲಿ ಧ್ವನಿಯೇ ಉಳಿದಿಲ್ಲವೆಂಬುದು ಗುರುವಿನ ಮೊದಲ ನಿರ್ಣಯವಾಗಿತ್ತು. ಕಠಿಣ ಸಾಧಕದಿಂದಲೇ ಕಂಠ ಕೂಡಿಬರುವುದೆಂದು ನಂಬಿದ ಆ ಕಾಲದಲ್ಲಿ ಆತನು ವಿಧಿಸಿದುದು ಆರು ವಾರಗಳ ಮೌನ: ಹಾಡಂತಿರಲಿ, ಮಾತೂ ಮಿತವಾಗಿರಬೇಕು. ಆ ಬಳಿಕ ಸ್ವರಗಳ ಆರೋಹಣಾವರೋಹಣ, ಉಸಿರಿನ ಹಂಚಿಕೆ, ಸ್ತರಗಳ ಸಂಧಾನಗಳನ್ನು ಬಾಲಪಾಠದಂತೆ ಮೊದಲಿನಿಂದ ಕಲಿತು, 1842ರಲ್ಲಿ ಆಕೆ ತಾಯ್ನಾಡಿಗೆ ಮರಳಿ ನಾರ್ಮಾ ಪಾತ್ರದಲ್ಲಿ ನಿಂತಳು. ವರ್ಷಗಳು ಕಳೆದಮೇಲೆ ಬರೆದ ಪತ್ರವೊಂದರಲ್ಲಿ, ತನ್ನ ಕಲೆಯ ಬಹುಭಾಗವನ್ನು ತಾನು ಸ್ವಂತ ದುಡಿಮೆಯಿಂದಲೇ ಗಳಿಸಿದೆನೆಂದೂ, ಮುಖ್ಯವಾದ ಕೆಲವೇ ಸಂಗತಿಗಳನ್ನು ಕಲಿಸಿದವನು ಗಾರ್ಸಿಯನೊಬ್ಬನೇ ಎಂದೂ ಆಕೆ ಲೆಕ್ಕವನ್ನು ಹಂಚಿಟ್ಟಳು. ಆ ಹಂಚಿಕೆಯಲ್ಲಿ ಕೃತಘ್ನತೆಯ ಲೇಶವೂ ನನಗೆ ಕಾಣುವುದಿಲ್ಲ.