ಪಂಪು ಎಳೆಯುವುದಿಲ್ಲ, ಗಾಳಿ ತಳ್ಳುತ್ತದೆ

ಫ್ರಾನ್ಸಿನ ರುವಾನ್ ಪಟ್ಟಣದಲ್ಲಿ 23 ವರ್ಷದ ತರುಣನೊಬ್ಬ 46 ಅಡಿ ಉದ್ದದ ಗಾಜಿನ ಕೊಳವೆಗಳನ್ನು ಮಾಡಿಸಿಕೊಂಡ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಕೆಂಪು ವೈನ್ ತುಂಬಿದ. ಹಡಗಿನ ಕಂಬಕ್ಕೆ ಬಿಗಿದು ಎರಡನ್ನೂ ನೆಟ್ಟಗೆ ಎತ್ತಿ ನಿಲ್ಲಿಸಿದ. ಮುಚ್ಚಿದ ತುದಿ ಮೇಲಿತ್ತು, ತೆರೆದ ತುದಿ ಕೆಳಗಿನ ಪಾತ್ರೆಯಲ್ಲಿ ಮುಳುಗಿತ್ತು. ಕೊಳವೆಯೊಳಗಿನ ದ್ರವ ಒಂದಿಷ್ಟು ಕೆಳಗಿಳಿದು ತಾನಾಗಿ ನಿಂತಿತು; ಅದರ ಮೇಲೆ ಖಾಲಿ ಜಾಗ ಉಳಿಯಿತು. 1646–47ರಲ್ಲಿ ಊರಿನವರ ಎದುರೇ ಈ ಪ್ರಯೋಗ ಮಾಡಿದವನು ಬ್ಲೇಸ್ ಪಾಸ್ಕಲ್.

ಅವನು ವೈನನ್ನು ಆರಿಸಿಕೊಂಡದ್ದಕ್ಕೆ ಗಟ್ಟಿ ಕಾರಣವಿತ್ತು. ಪ್ರಕೃತಿ ಶೂನ್ಯವನ್ನು ಸಹಿಸುವುದಿಲ್ಲ ಎಂಬುದು ಆಗಿನ ಪಂಡಿತರ ನಂಬಿಕೆ. ಕೊಳವೆಯ ಮೇಲ್ಭಾಗ ಖಾಲಿಯಲ್ಲ, ದ್ರವದಿಂದ ಎದ್ದ ಆವಿ ಅಲ್ಲಿ ತುಂಬಿಕೊಂಡು ದ್ರವವನ್ನು ಕೆಳಗೆ ಒತ್ತುತ್ತದೆ ಎಂದು ಅವರು ವಾದಿಸುತ್ತಿದ್ದರು. ಹಾಗಿದ್ದರೆ ನೀರಿಗಿಂತ ಬೇಗ ಆವಿಯಾಗುವ ವೈನ್ ಇನ್ನೂ ಕೆಳಗಿಳಿಯಬೇಕಿತ್ತು. ಆದರೆ ವೈನ್ ನೀರಿಗಿಂತ ತುಸು ಎತ್ತರದಲ್ಲೇ ನಿಂತಿತು. ಹೊರಗಿನ ಗಾಳಿ ಪಾತ್ರೆಯ ದ್ರವವನ್ನು ಒತ್ತಿ ಕೊಳವೆಯೊಳಗೆ ಏರಿಸುತ್ತದೆ. ವೈನ್ ನೀರಿಗಿಂತ ಹಗುರವಾದ್ದರಿಂದ ಅಷ್ಟೇ ಒತ್ತಡಕ್ಕೆ ಇನ್ನಷ್ಟು ಮೇಲೇರುತ್ತದೆ. ಮೇಲಿನ ಆವಿ ದ್ರವವನ್ನು ಒತ್ತುತ್ತಿಲ್ಲ ಎಂಬುದಕ್ಕೆ ವೈನೇ ಸಾಕ್ಷಿ ಹೇಳಿತು. ದ್ರವವನ್ನು ಮೇಲಿನ ಶೂನ್ಯ ಎಳೆಯುವುದೂ ಇಲ್ಲ, ಕೆಳಗಿನ ಗಾಳಿ ತಳ್ಳುತ್ತದೆ.

ಇಂದು ಅಮೆರಿಕ, ಕೆನಡಾ, ಇಟಲಿಗಳಲ್ಲಿ ಮನೆಮಟ್ಟದಲ್ಲಿ ವೈನ್ ಮಾಡುವವರ ನೆಲಮಾಳಿಗೆಗಳಲ್ಲಿ ಅದೇ ಗಾಳಿ ಅದೇ ವೈನನ್ನು ಕೊಳವೆಯೊಳಗೆ ಏರಿಸುತ್ತಿದೆ. ಅಲ್ಲಿರುವುದು ಪುಟ್ಟದೊಂದು ನಿರ್ವಾತ ಪಂಪು, ಅಂದರೆ ವ್ಯಾಕ್ಯೂಮ್ ಪಂಪು. ತಿಳಿ ಬಸಿಯುವುದು, ಸೋಸುವುದು, ಬಾಟಲಿಗೆ ತುಂಬುವುದು ಎಂಬ ಮೂರು ಕೆಲಸಗಳಿಗೆ ಅದೊಂದೇ ಸಾಕು. ಅಚ್ಚರಿಯೆಂದರೆ, ಈ ಮೂರರಲ್ಲೂ ವೈನಿನ ಒಂದು ಹನಿಯೂ ಪಂಪಿನೊಳಗೆ ಹೋಗುವುದಿಲ್ಲ.

ಮೊದಲು ಗಾಳಿಯ ಬಲ ಎಷ್ಟೆಂದು ನೋಡೋಣ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಗಾಳಿಯ ಭಾರ ಸುಮಾರು ಒಂದು ಕಿಲೋ. ಈ ಭಾರ 76 ಸೆಂಟಿಮೀಟರ್ ಪಾದರಸವನ್ನು ಅಥವಾ 10.3 ಮೀಟರ್ ನೀರನ್ನು ಕೊಳವೆಯಲ್ಲಿ ಎತ್ತಿ ಹಿಡಿಯಬಲ್ಲದು. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. ಹಾಗಾಗಿ ಅಲ್ಲಿ ನೀರು ಒಂಬತ್ತು ಮೀಟರಿಗೆ ತುಸು ಮೇಲೆ ನಿಂತುಬಿಡುತ್ತದೆ.

ನಮ್ಮ ಮಲೆನಾಡು, ಕರಾವಳಿಯ ತೋಟದವರಿಗೆ ಈ ಲೆಕ್ಕ ಅನುಭವದಿಂದಲೇ ಗೊತ್ತು. ಬೇಸಿಗೆಯಲ್ಲಿ ತೆರೆದ ಬಾವಿಯ ನೀರು ಇಳಿದಂತೆ ಪಂಪ್‌ಸೆಟ್ಟನ್ನೂ ಬಾವಿಯೊಳಗಿನ ಕಟ್ಟೆಗೆ ಇಳಿಸುತ್ತಾರೆ. ದಡದ ಮೇಲಿಟ್ಟ ಪಂಪು ಏಳು ಮೀಟರಿಗಿಂತ ಆಳದ ನೀರಿಗೆ ತಿಣುಕತೊಡಗುತ್ತದೆ. ಎಷ್ಟೇ ದೊಡ್ಡ ಮೋಟಾರು ಹಾಕಿದರೂ ಹತ್ತು ಮೀಟರ್ ದಾಟುವುದಿಲ್ಲ. ಪಂಪಿನಿಂದ ಮೇಲಕ್ಕೆ ನೀರು ನೂಕುವುದು ಮೋಟಾರಿನ ಕೆಲಸವಾದರೂ, ಪಂಪಿನವರೆಗೆ ಅದನ್ನು ತಂದುಕೊಡುವುದು ಬಾವಿಯ ಮೇಲಿನ ಗಾಳಿ. ಎಳನೀರಿನ ಸ್ಟ್ರಾದಲ್ಲಿ ನಡೆಯುವುದೂ ಇದೇ. ನಾವು ಬಾಯಿಯೊಳಗೆ ಜಾಗ ಮಾಡಿಕೊಡುತ್ತೇವೆ, ಗಾಳಿ ಎಳನೀರನ್ನು ಮೇಲಕ್ಕೆ ಕಳಿಸುತ್ತದೆ.

ಇನ್ನು ವೈನಿನ ಕಷ್ಟಕ್ಕೆ ಬರೋಣ. ದ್ರಾಕ್ಷಿ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೊಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಹುದುಗು ಮುಗಿಯುತ್ತಿದ್ದಂತೆ ಸತ್ತ ಯೀಸ್ಟ್ ಕಣಗಳು, ಹಣ್ಣಿನ ತಿರುಳು, ಹರಳುಗಟ್ಟಿದ ಲವಣ ಎಲ್ಲ ಸೇರಿ ತಳದಲ್ಲಿ ಗಸಿಯಾಗಿ ಕೂರುತ್ತವೆ. ಈ ಗಸಿಯ ಮೇಲೆ ವೈನನ್ನು ಬಹಳ ಕಾಲ ಬಿಟ್ಟರೆ ಕೊಳೆತ ಮೊಟ್ಟೆಯಂಥ ವಾಸನೆ ಹುಟ್ಟುವ ಅಪಾಯವಿದೆ. ಆದ್ದರಿಂದ ಕೆಲವು ತಿಂಗಳುಗಳಲ್ಲಿ ಎರಡು ಮೂರು ಸಲವಾದರೂ, ಗಸಿಯನ್ನು ಕದಡದೆ ಮೇಲಿನ ತಿಳಿಯನ್ನು ಬೇರೆ ಜಾಡಿಗೆ ಬಸಿಯಬೇಕು.

ಇಲ್ಲಿ ಇಬ್ಬರು ಶತ್ರುಗಳಿದ್ದಾರೆ. ಮೊದಲನೆಯದು ಆಮ್ಲಜನಕ. ಗಾಳಿಯಲ್ಲಿ ಧುಮ್ಮಿಕ್ಕಿ ಬೀಳುವ ವೈನ್ ಲೀಟರಿಗೆ ಎಂಟು ಮಿಲಿಗ್ರಾಮಿನಷ್ಟು ಆಮ್ಲಜನಕವನ್ನು ಹೀರಿಕೊಳ್ಳಬಲ್ಲದು. ಬಣ್ಣ ಕಂದಾಗುತ್ತದೆ, ಹಣ್ಣಿನ ಪರಿಮಳ ಮಂಕಾಗುತ್ತದೆ. ಆಲ್ಕೊಹಾಲನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳಿಗೂ ಬೇಕಾದದ್ದು ಆಮ್ಲಜನಕವೇ. ಎರಡನೆಯ ಶತ್ರು ತೂಕ. ಅಮೆರಿಕದ ಮನೆಗಳಲ್ಲಿ ಬಳಕೆಯಲ್ಲಿರುವ ಆರು ಗ್ಯಾಲನ್ ಗಾಜಿನ ಜಾಡಿ 23 ಲೀಟರ್ ಹಿಡಿಸುತ್ತದೆ. ತುಂಬಿದಾಗ ಅದರ ತೂಕ ಹತ್ತಿರ ಹತ್ತಿರ 30 ಕಿಲೋ. ಹಳೆಯ ಸೈಫನ್ ಕ್ರಮದಲ್ಲಿ ಈ ತುಂಬಿದ ಜಾಡಿಯನ್ನು ಮೇಜಿನ ಮೇಲೆ ಏರಿಸಲೇಬೇಕು, ಏಕೆಂದರೆ ಸೈಫನ್ ಎತ್ತರದಿಂದ ತಗ್ಗಿಗೆ ಮಾತ್ರ ಹರಿಸುತ್ತದೆ. ಒದ್ದೆ ಕೈಯಿಂದ ಗಾಜು ಜಾರಿದರೆ ಆಗುವ ಗಾಯ ಸಣ್ಣದಲ್ಲ. ಜಾಡಿ ಜಾರದಿದ್ದರೂ ಸೊಂಟ ಹಿಡಿದುಕೊಳ್ಳುತ್ತದೆ, ಎತ್ತುವ ಕುಲುಕಾಟಕ್ಕೆ ಕೂತ ಗಸಿಯೂ ಏಳುತ್ತದೆ.

ನಿರ್ವಾತ ಪಂಪು ಈ ಎರಡೂ ಕಷ್ಟಗಳನ್ನು ಒಟ್ಟಿಗೆ ಬಿಡಿಸುತ್ತದೆ. ಖಾಲಿ ಜಾಡಿಯ ಬಾಯಿಗೆ ಎರಡು ತೂತಿನ ರಬ್ಬರ್ ಬಿರಡೆ ಹಾಕುತ್ತಾರೆ. ಒಂದು ತೂತಿನಿಂದ ಹೊರಟ ಕೊಳವೆ ತುಂಬಿದ ಜಾಡಿಯ ಗಸಿಯ ಮೇಲ್ಮಟ್ಟದವರೆಗೆ ಇಳಿಯುತ್ತದೆ. ಇನ್ನೊಂದರ ಕೊಳವೆ ಪಂಪಿಗೆ ಹೋಗುತ್ತದೆ. ತುಂಬಿದ ಜಾಡಿಯ ಬಾಯಿ ಮಾತ್ರ ಗಾಳಿಗೆ ತೆರೆದಿರಬೇಕು, ಏಕೆಂದರೆ ತಳ್ಳುವ ಕೈ ಒಳಬರುವುದು ಅಲ್ಲಿಂದಲೇ. ಪಂಪು ಖಾಲಿ ಜಾಡಿಯ ಗಾಳಿಯನ್ನು ಹೊರಹಾಕುತ್ತಿದ್ದಂತೆ ಅಲ್ಲಿ ಒತ್ತಡ ಕುಸಿಯುತ್ತದೆ. ಈಚೆಯ ಗಾಳಿ ವೈನನ್ನು ಒತ್ತಿ, ಕೊಳವೆಯ ಮೂಲಕ ಆಚೆಯ ಜಾಡಿಗೆ ಸಾಗಿಸುತ್ತದೆ.

ಇದಕ್ಕೆ ಬೇಕಾದ ಬಲವೂ ಕಡಿಮೆ. ನೆಲದಿಂದ ಮುಕ್ಕಾಲು ಮೀಟರ್ ಎತ್ತರದ ಮೇಜಿಗೆ ವೈನ್ ಏರಲು ಗಾಳಿಯ ಒತ್ತಡದ ಹದಿಮೂರರಲ್ಲಿ ಒಂದು ಪಾಲು ಸಾಕು. ಅರ್ಧ ನಿರ್ವಾತ ಸಿಕ್ಕರೆ ಐದು ಮೀಟರ್ ಮೇಲಿನ ಮಹಡಿಗೂ ಏರಿಸಬಹುದು. ತುಂಬಿದ ಜಾಡಿ ನೆಲ ಬಿಟ್ಟು ಏಳಬೇಕಾಗಿಲ್ಲ, ಗಸಿಯೂ ಕದಡುವುದಿಲ್ಲ. ವೈನ್ ಬಂದು ಸೇರುವ ಜಾಡಿಯಲ್ಲಿ ಗಾಳಿ ಅರ್ಧ ಖಾಲಿಯಾಗಿದ್ದರೆ ಆಮ್ಲಜನಕವೂ ಅರ್ಧಕ್ಕೆ ಇಳಿದಿರುತ್ತದೆ. ಕೊಳವೆಯ ತುದಿಯನ್ನು ಜಾಡಿಯ ಗೋಡೆಗೆ ತಾಗಿಸಿಟ್ಟರೆ ವೈನ್ ಸದ್ದಿಲ್ಲದೆ ಇಳಿದು ಹರಿಯುತ್ತದೆ.

ಪಂಪಿಗೂ ಜಾಡಿಗೂ ನಡುವೆ ಇನ್ನೊಂದು ಸಣ್ಣ ಸೀಸೆ ಇರಲೇಬೇಕು. ಜಾಡಿ ತುಂಬಿ ಉಕ್ಕಿದರೆ ವೈನ್ ಈ ಸೀಸೆಯಲ್ಲಿ ನಿಲ್ಲುತ್ತದೆ, ಪಂಪಿನ ಹೊಟ್ಟೆ ಸೇರುವುದಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಗಂಟಲಿನ ಕಫ ತೆಗೆಯುವ ಸಕ್ಷನ್ ಯಂತ್ರವನ್ನು ನೋಡಿದವರಿಗೆ ಅದರ ಪಕ್ಕದ ಪಾರದರ್ಶಕ ಜಾಡಿ ನೆನಪಿರಬಹುದು. ಅದರ ಕೆಲಸವೂ ಇದೇ. ಡೇರಿಗಳ ಹಾಲು ಕರೆಯುವ ಯಂತ್ರದಲ್ಲೂ ಹಾಲು ಪಾತ್ರೆ ಸೇರುತ್ತದೆಯೇ ಹೊರತು ಪಂಪನ್ನು ಮುಟ್ಟುವುದಿಲ್ಲ. ಹೆಚ್ಚುಕಡಿಮೆ ಅರ್ಧ ನಿರ್ವಾತದಲ್ಲೇ ಆ ಯಂತ್ರವೂ ನಡೆಯುವುದು. ಆಹಾರ ಪದಾರ್ಥ ಯಂತ್ರದೊಳಗೆ ಹೋಗದಿದ್ದರೆ ಗ್ರೀಸಿನ ಭಯವಿಲ್ಲ, ಲೋಹದ ಕಿಲುಬಿನ ಭಯವಿಲ್ಲ. ತೊಳೆಯಬೇಕಾದದ್ದು ಕೊಳವೆ ಮತ್ತು ಜಾಡಿ ಮಾತ್ರ.

ಬಸಿಯುವಾಗ ಕೇಳದೆಯೇ ಇನ್ನೊಂದು ಲಾಭ ಸಿಗುತ್ತದೆ. ಹೊಸ ವೈನಿನಲ್ಲಿ ಲೀಟರಿಗೆ ಒಂದು ಗ್ರಾಮಿಗಿಂತಲೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಅದು ನಾಲಿಗೆಗೆ ಚುರುಗುಟ್ಟುತ್ತದೆ, ಗಸಿ ಕೂರಲೂ ಬಿಡುವುದಿಲ್ಲ. ದ್ರವದಲ್ಲಿ ಅನಿಲ ಎಷ್ಟು ಕರಗಿರುತ್ತದೆ ಎಂಬುದು ಮೇಲಿನ ಒತ್ತಡವನ್ನು ಅವಲಂಬಿಸಿದೆ ಎಂದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿಕೊಟ್ಟ. ಸೋಡಾ ಬಾಟಲಿಯ ಮುಚ್ಚಳ ತೆರೆದಾಗ ಗುಳ್ಳೆ ಏಳುವುದು ಈ ನಿಯಮದಿಂದಲೇ. ನಿರ್ವಾತದ ಜಾಡಿಗೆ ಬಿದ್ದ ವೈನ್ ನೊರೆನೊರೆಯಾಗಿ ಅನಿಲ ಬಿಡುತ್ತದೆ. ಕೋಲು ಹಾಕಿ ಗಂಟೆಗಟ್ಟಲೆ ಕಲಕುವ ಕೆಲಸ ತಪ್ಪಿತು. ಆದರೆ ಇದಕ್ಕೂ ಮಿತಿಯಿದೆ. ಪರಿಮಳದ ಕಣಗಳೂ ಸುಲಭವಾಗಿ ಆವಿಯಾಗುವಂಥವೇ ಆದ್ದರಿಂದ ವೈನನ್ನು ತುಂಬ ಹೊತ್ತು ನಿರ್ವಾತದಲ್ಲಿ ಬಿಟ್ಟರೆ ಕಂಪೂ ಹೊರಟುಹೋಗುತ್ತದೆ.

ಎರಡನೆಯ ಕೆಲಸ ಸೋಸುವುದು. ಎರಡು ಜಾಡಿಗಳ ನಡುವಿನ ಕೊಳವೆಗೆ ಫಿಲ್ಟರ್ ಡಬ್ಬಿಯೊಂದನ್ನು ಜೋಡಿಸಿದರೆ ಅದೇ ಗಾಳಿ ವೈನನ್ನು ಫಿಲ್ಟರಿನ ಮೂಲಕ ನೂಕುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಂಡರೆ ಯೀಸ್ಟ್ ಕಣದ ಗಾತ್ರ 5 ಮೈಕ್ರಾನಿನ ಆಸುಪಾಸು. ಬ್ಯಾಕ್ಟೀರಿಯಾ ಒಂದು ಮೈಕ್ರಾನ್ ಅಥವಾ ಅದಕ್ಕೂ ಸಣ್ಣದು. ಹಾಗಾಗಿ ಮೊದಲು 5 ಮೈಕ್ರಾನ್, ಆಮೇಲೆ 1 ಮೈಕ್ರಾನ್ ಎಂದು ದಪ್ಪದಿಂದ ಸಣ್ಣಕ್ಕೆ ಹೋಗುತ್ತಾರೆ. ಕಾರ್ಖಾನೆಗಳ ಕೊನೆಯ ಜಾಲರಿ 0.45 ಮೈಕ್ರಾನಿನದು. ನಿರ್ವಾತದಲ್ಲಿ ನಮ್ಮ ಕೈಯಲ್ಲಿರುವ ಬಲ ಹೆಚ್ಚೆಂದರೆ ಒಂದು ವಾಯುಭಾರದಷ್ಟು. ಕದಡಿದ ವೈನ್ ಹಾಕಿದರೆ ಫಿಲ್ಟರ್ ಬೇಗ ಕಟ್ಟಿಕೊಂಡು ಹರಿವು ನಿಂತೇಹೋಗುತ್ತದೆ. ತಾನಾಗಿ ತಿಳಿಯಾಗಲು ಬಿಟ್ಟ ವೈನಿಗೆ ಮಾತ್ರ ಫಿಲ್ಟರ್ ಹೊಳಪು ಕೊಡಬಲ್ಲದು. ಕಾಯುವ ಕೆಲಸವನ್ನು ಅದಕ್ಕೆ ವಹಿಸಲಾಗದು.

ಇಲ್ಲೊಂದು ಸೂಕ್ಷ್ಮವಿದೆ. ಒತ್ತಿ ಕಳಿಸುವ ಪಂಪಿನ ಕೊಳವೆ ಸೋರಿದರೆ ವೈನ್ ಹೊರಗೆ ತೊಟ್ಟಿಕ್ಕುತ್ತದೆ, ಕಣ್ಣಿಗೆ ಬೀಳುತ್ತದೆ. ನಿರ್ವಾತದಲ್ಲಿ ಸೋರಿಕೆ ಒಳಮುಖ. ಸಡಿಲವಾದ ಜಾಗದಿಂದ ಗಾಳಿ ಒಳನುಗ್ಗಿ ವೈನಿನೊಂದಿಗೆ ಬೆರೆಯುತ್ತಿದ್ದರೂ ನೆಲ ಒದ್ದೆಯಾಗುವುದಿಲ್ಲ. ಪಾರದರ್ಶಕ ಕೊಳವೆಯಲ್ಲಿ ಸಾಲುಗಟ್ಟಿ ಓಡುವ ಗುಳ್ಳೆಗಳನ್ನು ಗಮನಿಸಬೇಕು. ಕರಗಿದ ಅನಿಲದ ಗುಳ್ಳೆಗಳು ಕೊಳವೆಯುದ್ದಕ್ಕೂ ಏಳುತ್ತವೆ. ಒಂದೇ ಜಾಗದಿಂದ ಒಂದೇ ಸಮನೆ ಹೊರಡುವ ಗುಳ್ಳೆ ಸೋರಿಕೆಯ ಗುರುತು.

ಮೂರನೆಯ ಕೆಲಸವಾದ ಬಾಟಲಿ ತುಂಬುವಿಕೆಯಲ್ಲಿ ಈ ತತ್ವದ ಚಂದ ಪೂರ್ತಿಯಾಗಿ ಕಾಣುತ್ತದೆ. ತುಂಬುವ ತಲೆಯನ್ನು ಬಾಟಲಿಯ ಬಾಯಿಗೆ ಒತ್ತಿ ಕೂರಿಸುತ್ತಾರೆ. ಅದರಲ್ಲಿ ಎರಡು ದಾರಿ, ಒಂದು ವೈನ್ ಬರಲು, ಇನ್ನೊಂದು ಗಾಳಿ ಹೋಗಲು. ಬಾಟಲಿಯ ಗಾಳಿ ಹೊರಟಂತೆ ವೈನ್ ಏರುತ್ತದೆ. ಗಾಳಿಯ ದಾರಿಯ ತುದಿಯನ್ನು ವೈನ್ ಮುಟ್ಟಿದೊಡನೆ ಮಟ್ಟ ಅಲ್ಲೇ ನಿಲ್ಲುತ್ತದೆ, ಮಿಕ್ಕದ್ದು ನಡುವಿನ ಸೀಸೆಗೆ ಹೋಗುತ್ತದೆ. ಎಲ್ಲ ಬಾಟಲಿಗಳೂ ಒಂದೇ ಮಟ್ಟಕ್ಕೆ ತುಂಬಿ, ಬಿರಡೆಯ ಕೆಳಗೆ ಉಳಿಯುವ ಗಾಳಿಯೂ ಒಂದೇ ಅಳತೆಯದಾಗುತ್ತದೆ. ಬಾಟಲಿಯ ಅಂಚು ಮುಕ್ಕಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ನಿರ್ವಾತ ನಿಲ್ಲುವುದಿಲ್ಲ, ಅದು ಸರಿಯಾಗಿ ತುಂಬುವುದೂ ಇಲ್ಲ. ಕೆಟ್ಟ ಬಾಟಲಿಯನ್ನು ಯಂತ್ರ ತಾನೇ ಹಿಡಿದುಕೊಡುತ್ತದೆ.

ಇಷ್ಟೆಲ್ಲ ಮಾಡುವ ಗಾಳಿ ಮನಸ್ಸು ಮಾಡಿದರೆ ಪಾತ್ರೆಯನ್ನೇ ನುಚ್ಚುಮಾಡಬಲ್ಲದು. ಪಾಸ್ಕಲನ ಕಾಲದಲ್ಲೇ ಜರ್ಮನಿಯ ಮಾಗ್ಡೆಬರ್ಗ್ ನಗರದ ಮೇಯರ್ ಒಟ್ಟೊ ಫಾನ್ ಗೆರಿಕೆ ನಿರ್ವಾತ ಪಂಪು ಕಟ್ಟಲು ಹೊರಟಾಗ ಮೊದಲು ತೆಗೆದುಕೊಂಡದ್ದು ಮರದ ಪೀಪಾಯಿಯನ್ನು. ಅದಕ್ಕೆ ನೀರು ತುಂಬಿ ಪಂಪಿನಿಂದ ಹೊರತೆಗೆದರೆ, ಮರದ ಸಂದುಗಳಿಂದ ಗಾಳಿ ಸುಯ್ಯೆಂದು ಒಳನುಗ್ಗಿತು. ಆಮೇಲೆ ತಂದ ತಾಮ್ರದ ಗೋಳ ಸದ್ದು ಮಾಡಿ ಅಪ್ಪಚ್ಚಿಯಾಯಿತು. 1657ರಲ್ಲಿ ಅರ್ಧ ಮೀಟರ್ ಅಗಲದ ಎರಡು ಗಟ್ಟಿ ಅರ್ಧಗೋಳಗಳನ್ನು ಸೇರಿಸಿ ಗಾಳಿ ತೆಗೆದಾಗ, ಎರಡೂ ಕಡೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದರೂ ಬಿಡಿಸುವುದು ದುಸ್ತರವಾಯಿತು. ಆ ಗೋಳಗಳನ್ನು ಅದುಮಿ ಹಿಡಿದದ್ದು ಸುಮಾರು ಎರಡು ಟನ್ ಭಾರ.

ವೈನಿನ ಜಾಡಿಯ ಲೆಕ್ಕವೂ ಇಂಥದೇ. 30 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರದ ಗಾಜಿನ ಜಾಡಿಯಲ್ಲಿ ಅರ್ಧ ನಿರ್ವಾತ ಮಾಡಿದರೆ ಅದರ ಇಡೀ ಮೈಮೇಲೆ ಬೀಳುವ ಒಟ್ಟು ಭಾರ ಎರಡೂವರೆ ಟನ್ನಿಗೂ ಹೆಚ್ಚು. ದುಂಡಗಿನ, ಗಟ್ಟಿ ಗಾಜು ಇದನ್ನು ತಡೆದುಕೊಳ್ಳುತ್ತದೆ. ಕಮಾನಿನಂತೆ ಭಾರ ಸುತ್ತಲೂ ಹಂಚಿಹೋಗುತ್ತದೆ. ಚೌಕಾಕಾರದ ಬಾಟಲಿ ತಡೆಯದು. ತೆಳು ಪ್ಲಾಸ್ಟಿಕ್ ಜಾಡಿ ಸೊಟ್ಟಗಾಗಿ ಒಳಕ್ಕೆ ಕುಸಿಯುತ್ತದೆ. ಕೂದಲೆಳೆಯ ಬಿರುಕಿರುವ ಗಾಜು ಒಡೆದರೆ ಚೂರುಗಳು ಮೊದಲು ಒಳಕ್ಕೆ ನುಗ್ಗಿ, ಆಮೇಲೆ ಎಲ್ಲೆಡೆ ಸಿಡಿಯುತ್ತವೆ. ಅದಕ್ಕೇ ಅನುಭವಿಗಳು ಪ್ರತಿ ಸಲವೂ ಜಾಡಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಾರೆ, ದಪ್ಪ ಬಟ್ಟೆ ಸುತ್ತುತ್ತಾರೆ, ಕನ್ನಡಕ ಹಾಕುತ್ತಾರೆ. ಕೆಲಸಕ್ಕೆ ಬೇಕಾದಷ್ಟೇ ನಿರ್ವಾತ ಇಟ್ಟುಕೊಳ್ಳಲು ಮಾಪಕವನ್ನೂ, ಗಾಳಿ ಒಳಬಿಡುವ ಕವಾಟವನ್ನೂ ಜೋಡಿಸುತ್ತಾರೆ. ಪಂಪನ್ನು ತಿರುವುಮುರುವು ಜೋಡಿಸಿ ಜಾಡಿಗೆ ಗಾಳಿ ತುಂಬುವುದಂತೂ ಎಂದೂ ಕೂಡದು, ಒಳಗಿನಿಂದ ಹಿಗ್ಗುವ ಒತ್ತಡದಲ್ಲಿ ಗಾಜು ತೀರ ದುರ್ಬಲ.

ಇನ್ನು ಕಾನೂನಿನ ಮಾತು. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಇಬ್ಬರು ವಯಸ್ಕರಿರುವ ಮನೆಯವರು ತಮ್ಮ ಬಳಕೆಗಾಗಿ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ವೈನ್ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸಲು 1965ರ ಕರ್ನಾಟಕ ಅಬಕಾರಿ ಕಾಯ್ದೆ ಅವಕಾಶ ಕೊಡುವುದಿಲ್ಲ.

ಆದರೆ ಈ ಯಂತ್ರದ ವಿಜ್ಞಾನಕ್ಕೆ ಪರವಾನಗಿ ಬೇಡ. ಶಾಲೆಯ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನ ಕೋರಿಕೆ ಇಷ್ಟೇ. ದುಂಡಗಿನ ಗಟ್ಟಿ ಸೀಸೆಯೊಂದಕ್ಕೆ ಎರಡು ತೂತಿನ ಬಿರಡೆ ಹಾಕಿ, ಎರಡು ತೆಳು ಕೊಳವೆ ಸಿಕ್ಕಿಸಿ. ಒಂದನ್ನು ಬಣ್ಣದ ನೀರಿನ ಲೋಟಕ್ಕೆ ಇಳಿಬಿಡಿ, ಇನ್ನೊಂದಕ್ಕೆ ಸೂಜಿಯಿಲ್ಲದ ದೊಡ್ಡ ಸಿರಿಂಜ್ ಜೋಡಿಸಿ ಹಿಂದಕ್ಕೆ ಎಳೆಯಿರಿ. ಬಣ್ಣದ ನೀರು ಕೊಳವೆ ಹತ್ತಿ ಸೀಸೆಗೆ ಇಳಿಯುತ್ತದೆ, ಸಿರಿಂಜ್ ಒಣಗಿಯೇ ಇರುತ್ತದೆ. ನೀರನ್ನು ಎತ್ತಿದವರು ಯಾರು ಎಂದು ಮಕ್ಕಳನ್ನು ಕೇಳಿ. ಆಮೇಲೆ ಲೋಟದ ಬದಲು ನೀರು ತುಂಬಿದ ಸೀಸೆಯನ್ನು ಇಟ್ಟು, ಅದರ ಬಾಯನ್ನು ಕೊಳವೆಯ ಸುತ್ತ ಬಿಗಿಯಾಗಿ ಮುಚ್ಚಿ ಎಳೆಯಿರಿ. ಈಗ ನೀರು ಏರುವುದಿಲ್ಲ. ಉತ್ತರವನ್ನು ಮಕ್ಕಳೇ ಹೇಳುತ್ತಾರೆ.