ಹರಕು ಚೀಟಿಗೆ ಬೆಲೆಯೆಷ್ಟು?

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕಾಗದಗಳ ಕಟ್ಟು ದೊರೆಯುತ್ತದೆ. ಲಕೋಟೆಗಳ ಮೇಲೆ ನಿಜಾಮರ ಅಂಚೆಚೀಟಿಗಳು! ಮನೆಯ ಹುಡುಗ ಹಿಗ್ಗಿನಿಂದ ಚೀಟಿಗಳನ್ನು ಕಿತ್ತುಕೊಂಡು ಲಕೋಟೆಗಳನ್ನು ಒಲೆಗೆ ಹಾಕುತ್ತಾನೆ. ಒಲೆಯಲ್ಲಿ ಉರಿದುದು ಎಷ್ಟು ಬೆಲೆಯ ವಸ್ತುವೆಂಬುದು ಪಾಪ, ಅವನಿಗೆ ತಿಳಿಯದು.

ಗುರುಮಠಕಲ್ಲಿನಂತಹ ಊರಿನ ಹಳೆಯ ಮನೆಗಳಲ್ಲಿ ಇಂತಹ ಕಟ್ಟು ದೊರೆಯುವುದು ಅಸಂಭವವೇನಲ್ಲ. ಇಂದು ಯಾದಗಿರಿ ಜಿಲ್ಲೆಯಲ್ಲಿರುವ ಈ ಊರು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆ ಸಂಸ್ಥಾನ 1869ರಲ್ಲಿ ತನ್ನದೇ ಅಂಚೆಚೀಟಿಯನ್ನು ಹೊರಡಿಸಿತು. 1950ರ ಏಪ್ರಿಲ್ 1ರಂದು ಅದರ ಅಂಚೆ ಭಾರತದ ಅಂಚೆಯಲ್ಲಿ ವಿಲೀನವಾಯಿತು. 1931ರ ಮಾಲೆಯಲ್ಲಿ ಒಂದಾಣೆಯ ಚೀಟಿಗೆ ಚಾರ್‌ಮಿನಾರ್, ನಾಲ್ಕಾಣೆಗೆ ಉಸ್ಮಾನ್ ಸಾಗರ, ಹನ್ನೆರಡಾಣೆಗೆ ಬೀದರಿನ ಮದರಸಾ ಅಲಂಕಾರವಾಗಿದ್ದವು.

ಹಳೆಯದೆಲ್ಲವೂ ಹೊನ್ನಲ್ಲ. ಚಾರ್‌ಮಿನಾರಿನ ಚೀಟಿ ಹೇರಳವಾಗಿ ಉಳಿದಿದೆ. ಇಂತಹ ಚೀಟಿಗೆ ಬೆಲೆ ಕಟ್ಟುವುದು ಅದರ ದೇಹಸ್ಥಿತಿ. ಚಿತ್ರ ನಡುವಿನಲ್ಲಿದೆಯೆ? ಅಂಚಿನ ಹಲ್ಲುಗಳೆಲ್ಲ ಪೂರ್ಣವಾಗಿವೆಯೆ? ಬಣ್ಣ ಬಿಸಿಲಿಗೆ ಮಾಸಿದೆಯೆ? ಮಡಿಕೆ, ಹರಕು, ತುಕ್ಕಿನಂತಹ ಕಲೆಗಳಿವೆಯೆ? ಕಿತ್ತಾಗ ಹಿಂಬದಿಯ ಕಾಗದ ಸುಲಿದು ತೆಳುವಾಗಿದೆಯೆ? ಬಳಸದ ಚೀಟಿಯಾದರೆ ಮೂಲದ ಗೋಂದು ಕೆಡದೆ ಉಳಿದಿದೆಯೆ? ಇವುಗಳಲ್ಲಿ ಒಂದು ಕುಂದು ಕಂಡರೂ ಸಂಗ್ರಾಹಕನ ಹುಬ್ಬು ಗಂಟಿಕ್ಕುತ್ತದೆ, ಬೆಲೆ ಇಳಿಯುತ್ತದೆ.

ಆದರೆ ದೋಷಗಳಲ್ಲಿಯೂ ಎರಡು ಜಾತಿ. ಬಳಕೆಯಲ್ಲಿ ಬಂದ ದೋಷ ಬೆಲೆಯನ್ನು ಇಳಿಸಿದರೆ, ಹುಟ್ಟಿನಲ್ಲಿ ಬಂದ ದೋಷ ಅದನ್ನು ಏರಿಸುತ್ತದೆ. 1854ರ ಭಾರತದ ನಾಲ್ಕಾಣೆಯ ಚೀಟಿಯನ್ನು ಎರಡು ಬಣ್ಣಗಳಲ್ಲಿ, ಎರಡು ಸಲ ಅಚ್ಚೊತ್ತಬೇಕಾಗಿತ್ತು. ಕೆಲವು ಹಾಳೆಗಳಲ್ಲಿ ಕೆಂಪು ಚೌಕಟ್ಟಿನೊಳಗೆ ವಿಕ್ಟೋರಿಯಾ ರಾಣಿಯ ನೀಲಿ ತಲೆ ಕೆಳಗುಮೇಲಾಯಿತು. ಅಚ್ಚಿನವರ ಆ ತಪ್ಪೇ ಇಂದು ಸಂಗ್ರಾಹಕರ ಕನಸು! ಅವುಗಳಲ್ಲಿಯೂ ಹೆಚ್ಚಿನವನ್ನು ಅಂದಿನವರು ಎಂಟು ಮೂಲೆಯಾಗಿ ಕತ್ತರಿಸಿದ್ದರು. ಚೌಕವಾಗಿ ಉಳಿದ ಬೆರಳೆಣಿಕೆಯವಕ್ಕೆ ಮಾನ ಇನ್ನೂ ಹೆಚ್ಚು.

ವಿರಳತೆ ಮಿತಿಮೀರಿದರೆ ಹರಕೂ ಕ್ಷಮ್ಯವೆ. 1856ರ ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಚೀಟಿಯ ನಾಲ್ಕು ಮೂಲೆಗಳೂ ಕತ್ತರಿಸಿವೆ. ಆದರೂ ತನ್ನ ಜಾತಿಯಲ್ಲಿ ತಾನೊಂದೇ ಉಳಿದುದರಿಂದ 2014ರಲ್ಲಿ ಅದು ಸುಮಾರು 95 ಲಕ್ಷ ಡಾಲರಿಗೆ ಹರಾಜಾಯಿತು. ನಮ್ಮ ನಿಮ್ಮ ಪೆಟ್ಟಿಗೆಯ ಚೀಟಿಗಳಿಗೆ ಈ ವಿನಾಯಿತಿ ದೊರೆಯುವುದು ಕಷ್ಟ.

ಅದಕ್ಕೇ ಎಚ್ಚರಿಕೆ ಬೇಕು. ಬೆರಳಿನ ಬೆವರು ತಾಗದಂತೆ ಚೀಟಿಯನ್ನು ಚಿಮಟದಿಂದ ಹಿಡಿಯಬೇಕು. ಹರಿದುದನ್ನು ಅಂಟುಪಟ್ಟಿಯಿಂದ ಜೋಡಿಸಹೋದರೆ, ಕಾಲಕ್ರಮದಲ್ಲಿ ಆ ಅಂಟೇ ಹಳದಿಗಟ್ಟಿ ಕಾಗದವನ್ನು ತಿನ್ನುತ್ತದೆ. ಮಳೆಗಾಲದ ತೇವವೂ ಬೇಸಿಗೆಯ ಬಿಸಿಲೂ ಚೀಟಿಗೆ ಸಮಾನ ವೈರಿಗಳು. ಎಲ್ಲಕ್ಕಿಂತ ಮಿಗಿಲಾಗಿ, ಹಳೆಯ ಲಕೋಟೆಯಿಂದ ಚೀಟಿಯನ್ನು ಕೀಳಲೇಬಾರದು. ಸಣ್ಣ ಊರಿನ ಅಂಚೆಮೊಹರು ಸ್ಪಷ್ಟವಾಗಿ ಮೂಡಿರುವ ಲಕೋಟೆ, ಬಿಡಿ ಚೀಟಿಗಿಂತ ಅನೇಕ ವೇಳೆ ಹೆಚ್ಚು ಬೆಲೆ ಬಾಳುತ್ತದೆ. ಬಿಡಿ ಚೀಟಿ ಸಂಸ್ಥಾನದ ಹೆಸರನ್ನಷ್ಟೇ ಹೇಳೀತು. ಯಾವ ಊರಿನಿಂದ, ಯಾವ ದಿನ, ಯಾರಿಗೆ ಹೊರಟಿತೆಂಬುದನ್ನು ಹೇಳುವುದು ಲಕೋಟೆ.

ಅಜ್ಜನ ಪೆಟ್ಟಿಗೆ ತೆರೆದಾಗ ಕತ್ತರಿಯನ್ನು ದೂರವಿಡುವುದೇ ಸಂಗ್ರಹದ ಮೊದಲ ಪಾಠ.